ಒಳಗಿನ ಒದೆತಕ್ಕೆ ಸಾಕ್ಷಿ ಯಾರು?

ಹೆಂಡತಿಗೆ ಎಂಟನೇ ತಿಂಗಳು ನಡೀತಿದ್ದಾಗ ನಾನೊಂದು ಎಕ್ಸೆಲ್ ಶೀಟ್ ಮಾಡಿದ್ದೆ. ಮಗು ಯಾವ ಹೊತ್ತಿಗೆ ಒದೆಯಿತು, ಎಷ್ಟು ಸಲ, ಜೋರಾಗೋ ಮೆತ್ತಗೋ, ಒಂದೊಂದಕ್ಕೂ ಒಂದೊಂದು ಕಾಲಂ. ಕೊನೆಗೊಂದು ಗ್ರಾಫ್ ಬೇರೆ. ನಾಲ್ಕು ದಿನ ತುಂಬಿಸಿದವಳು ಐದನೇ ದಿನ, "ಒದೆಸಿಕೊಳ್ಳೋಳೂ ನಾನೇ, ಎಂಟ್ರಿ ಹಾಕೋಳೂ ನಾನೇನಾ?" ಅಂತ ಕೈಬಿಟ್ಟಳು.

ಆಮೇಲೊಂದು ಶನಿವಾರ ರಾತ್ರಿ ಊಟ ಮುಗಿಸಿ ಕೂತಿದ್ದಾಗ, "ಬೆಳಿಗ್ಗೆಯಿಂದ ಯಾಕೋ ಎಂದಿನ ಹಾಗೆ ಒದೀತಿಲ್ಲ ಕಣ್ರೀ" ಅಂದಳು. ನಾನು ಫೈಲ್ ತೆಗೆದು ಮೂರು ದಿನದ ಹಿಂದಿನ ಸ್ಕ್ಯಾನ್ ರಿಪೋರ್ಟ್ ತೋರಿಸಿದೆ. ತೂಕ, ತಲೆ, ನೀರು ಎಲ್ಲ ನಾರ್ಮಲ್. ಊರಿಂದ ಬಂದಿದ್ದ ಅಮ್ಮ, "ದಿನ ತುಂಬ್ತಾ ಬಂದ ಹಾಗೆ ಒಳಗೆ ಜಾಗ ಸಾಲಲ್ಲ ಕಣಮ್ಮ, ಮಿಸುಕಾಟ ಕಮ್ಮಿ ಆಗುತ್ತೆ" ಅಂತ ಸಮಾಧಾನ ಹೇಳಿದರು. ನನ್ನದು ಕಾಗದದ ಸಾಕ್ಷಿ, ಅಮ್ಮನದು ಅನುಭವದ ಸಾಕ್ಷಿ. ಇಬ್ಬರೂ ಸೇರಿ ಹೊಟ್ಟೆ ಹೊತ್ತವಳ ಮಾತನ್ನು ಎರಡೇ ನಿಮಿಷದಲ್ಲಿ ಮುಗಿಸಿಬಿಟ್ಟೆವು. ಅವಳು ವಾದ ಮಾಡಲಿಲ್ಲ. ಎದ್ದು ಚಪ್ಪಲಿ ಹಾಕಿಕೊಂಡು ಕ್ಯಾಬ್ ಬುಕ್ ಮಾಡಿದಳು.

ಆಸ್ಪತ್ರೆಯಲ್ಲಿ ಏನಾಯ್ತು ಅನ್ನೋದನ್ನ ಕೊನೆಗೆ ಹೇಳ್ತೀನಿ. ಆ ರಾತ್ರಿ ಲೇಬರ್ ವಾರ್ಡಿನ ಹೊರಗೆ ಕೂತು ಫೋನಿನಲ್ಲಿ ಓದೋಕೆ ಶುರು ಮಾಡಿದ್ದು ತಿಂಗಳುಗಟ್ಟಲೆ ಮುಂದುವರಿಯಿತು. ಓದುತ್ತಾ ಹೋದ ಹಾಗೆ ಗೊತ್ತಾಯ್ತು: ನಮ್ಮನೆ ಹಾಲ್‌ನಲ್ಲಿ ನಡೆದದ್ದು ಹಳೇ ಜಗಳ. ಒಳಗಿರುವ ಮಗುವಿನ ಬಗ್ಗೆ ಯಾರ ಮಾತು ನಂಬಬೇಕು?

ನಮ್ಮ ಕಡೆ ಇದಕ್ಕೆ ಹಳೆಯ ಉತ್ತರವೊಂದಿದೆ. ಸುಶ್ರುತ ಸಂಹಿತೆ ನಾಲ್ಕನೇ ತಿಂಗಳ ಬಸುರಿಯನ್ನು ಎರಡು ಹೃದಯದವಳು ಅನ್ನುತ್ತದೆ. ಅವಳ ಬಯಕೆ ಅಂದರೆ ಒಳಗಿನ ಜೀವದ ಬಯಕೆಯೂ ಹೌದು, ಅದನ್ನು ತೀರಿಸಬೇಕು ಅನ್ನುವುದು ಅದರ ತರ್ಕ. ಇವತ್ತಿನ ವಿಜ್ಞಾನ ಇದನ್ನು ಒಪ್ಪಬೇಕಿಲ್ಲ. ಆದರೆ ಮಗುವಿನ ಪರವಾಗಿ ಮಾತಾಡೋಕೆ ತಾಯಿಗೆ ಹಕ್ಕು ಇದೆ ಅನ್ನುವ ಒಪ್ಪಿಗೆ ಅದರಲ್ಲಿದೆ.

ಇಂಗ್ಲೆಂಡಿನಲ್ಲಿ ಇದೇ ಒದೆತ ಕೋರ್ಟಿನ ಮೆಟ್ಟಿಲು ಹತ್ತಿತು. 'ಕ್ವಿಕ್' ಅಂದರೆ ನಮಗೆಲ್ಲ ಬೇಗ ಅಂತಷ್ಟೇ ಗೊತ್ತು. ಹಳೇ ಇಂಗ್ಲಿಷಿನಲ್ಲಿ ಅದಕ್ಕೆ 'ಜೀವಂತ' ಅಂತ ಅರ್ಥ. ಮಗು ಮೊದಲ ಸಲ ಮಿಸುಕಾಡುವುದಕ್ಕೆ 'ಕ್ವಿಕನಿಂಗ್' ಅನ್ನುತ್ತಿದ್ದರು. ಗಲ್ಲು ಶಿಕ್ಷೆಯಾದ ಹೆಂಗಸು ತಾನು ಬಸುರಿ ಅಂದರೆ ನ್ಯಾಯಾಧೀಶರು ಮದುವೆಯಾದ, ಹೆತ್ತು ಅನುಭವವಿದ್ದ ಹೆಂಗಸರ ಪಂಚಾಯ್ತಿ ಕೂಡಿಸುತ್ತಿದ್ದರು. ಅವರು ಪರೀಕ್ಷಿಸಿ ಒಳಗೆ ಮಗು ಮಿಸುಕಾಡುತ್ತಿದೆ ಅಂದರೆ ಹೆರಿಗೆಯವರೆಗೆ ಗಲ್ಲು ಮುಂದಕ್ಕೆ. ಮಿಸುಕಾಟ ಇನ್ನೂ ಶುರುವಾಗಿಲ್ಲ ಅಂದರೆ ಹೊಟ್ಟೆ ಇದ್ದೂ ಪ್ರಯೋಜನ ಇಲ್ಲ. 1720ರಲ್ಲಿ ಜಮೈಕಾದಲ್ಲಿ ಸಿಕ್ಕಿಬಿದ್ದ ಕಡಲುಗಳ್ಳಿಯರಾದ ಮೇರಿ ರೀಡ್ ಮತ್ತು ಆನ್ ಬಾನಿ ಸದ್ಯಕ್ಕೆ ಗಲ್ಲಿನಿಂದ ಉಳಿದದ್ದು ಹೀಗೆ, ಬಸುರಿಯರು ಅಂತ ಹೇಳಿಕೊಂಡು. ಹೊತ್ತವಳ ಮಾತಿಗೆ ಅಲ್ಲೂ ಪೂರ್ತಿ ಬೆಲೆ ಇರಲಿಲ್ಲ, ಬೇರೆಯವರು ಮುಟ್ಟಿ ನೋಡಿ ಹೇಳಬೇಕಿತ್ತು. ಆದರೆ ಸಾಕ್ಷಿ ಒಂದೇ, ಆ ಒದೆತ.

ಇದು ದೂರದ ಕತೆ ಅನ್ಕೋಬೇಡಿ. 1860ರ ಭಾರತೀಯ ದಂಡ ಸಂಹಿತೆಯ 312ನೇ ಸೆಕ್ಷನ್ ಗರ್ಭಪಾತಕ್ಕೆ 3 ವರ್ಷದವರೆಗೆ ಶಿಕ್ಷೆ ಅಂದಿತ್ತು. ಹೆಂಗಸು 'ಕ್ವಿಕ್ ವಿತ್ ಚೈಲ್ಡ್' ಆಗಿದ್ದರೆ 7 ವರ್ಷದವರೆಗೆ. 2023ರ ಭಾರತೀಯ ನ್ಯಾಯ ಸಂಹಿತೆಯ 88ನೇ ಸೆಕ್ಷನ್‌ನಲ್ಲೂ ಅದೇ ಪದ ಹಾಗೇ ಇದೆ.

ಆಮೇಲೆ ಉಪಕರಣಗಳು ಬಂದವು. 1821ರಲ್ಲಿ ಫ್ರಾನ್ಸಿನ ಕೆರ್ಗಾರಡೆಕ್ ಎಂಬ ವೈದ್ಯ, ಆಗಷ್ಟೇ ಬಂದಿದ್ದ ಸ್ಟೆತಸ್ಕೋಪನ್ನು ಬಸುರಿಯ ಹೊಟ್ಟೆಗೆ ಇಟ್ಟ. ಮಗು ಹೊರಳಿದಾಗ ಒಳಗಿನ ನೀರು ಸದ್ದು ಮಾಡುತ್ತಾ ಅಂತ ಕೇಳಿಸಿಕೊಳ್ಳೋದು ಅವನ ಉದ್ದೇಶ. ಅವನಿಗೆ ಕೇಳಿಸಿದ್ದು ಗಡಿಯಾರದ ಟಿಕ್‌ಟಿಕ್‌ನಂಥ ಸದ್ದು, ಮಗುವಿನ ಎದೆಬಡಿತ. ತಾಯಿಯನ್ನು ಕೇಳದೆಯೇ ಮಗು ಬದುಕಿದೆ ಅಂತ ತಿಳಿಯುವ ದಾರಿ ವೈದ್ಯರಿಗೆ ಸಿಕ್ಕಿತು.

ಮುಂದಿನ ದೊಡ್ಡ ಹೆಜ್ಜೆಯಲ್ಲಿ ನಮ್ಮಂಥ ಎಂಜಿನಿಯರ್‌ಗಳ ಪಾಲೂ ಇದೆ. ಲೋಹದೊಳಗಿನ ಬಿರುಕು ಹುಡುಕೋಕೆ ಬಾಯ್ಲರ್ ಕಾರ್ಖಾನೆಗಳಲ್ಲಿ ಅಲ್ಟ್ರಾಸೌಂಡ್ ಯಂತ್ರ ಬಳಸುತ್ತಿದ್ದರು. 1955ರಲ್ಲಿ ಗ್ಲಾಸ್ಗೋದ ಪ್ರೊಫೆಸರ್ ಇಯಾನ್ ಡೊನಾಲ್ಡ್, ಆಪರೇಷನ್‌ನಲ್ಲಿ ತೆಗೆದ ಗಡ್ಡೆಗಳನ್ನು ಕಾರಿನ ಡಿಕ್ಕಿಯಲ್ಲಿ ತುಂಬಿಕೊಂಡು ಅಂಥ ಕಾರ್ಖಾನೆಗೇ ಹೋದರು. ಟಾಮ್ ಬ್ರೌನ್ ಎಂಬ ಯುವ ಎಂಜಿನಿಯರ್ ಜೊತೆಯಾದ. 1958ರಲ್ಲಿ ಅವರ ಪ್ರಬಂಧ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂತು. 1970ರ ಹೊತ್ತಿಗೆ ಸ್ಟುವರ್ಟ್ ಕ್ಯಾಂಪ್‌ಬೆಲ್ ಮೊದಲಾದವರು ಕೆಲವು ವಾರಕ್ಕೊಮ್ಮೆ ಮಗುವಿನ ತಲೆ ಅಳೆದು, ಬೆಳವಣಿಗೆ ಕುಂಠಿತವಾಗಿದೆಯಾ ಅಂತ ಕಂಡುಹಿಡಿಯತೊಡಗಿದರು. ನಾನು ತೋರಿಸಿದ ಆ ರಿಪೋರ್ಟಿನ ಮುತ್ತಜ್ಜ ಇದೇ.

ವಿಚಿತ್ರ ನೋಡಿ, ಯಂತ್ರ ಬಂದ ಮೇಲೆಯೇ ವೈದ್ಯರು ಮತ್ತೆ ತಾಯಿಯ ಹತ್ತಿರ ಬಂದರು. 1973ರಲ್ಲಿ ಜೆರುಸಲೇಮಿನ ಸಡೋವ್‌ಸ್ಕಿ, ದಿನದಿನದ ಒದೆತಗಳನ್ನು ತಾಯಂದಿರಿಂದಲೇ ಬರೆಸಿದರು. ಹೊಟ್ಟೆಯೊಳಗೆ ತೀರಿಕೊಂಡ ಕೆಲವು ಮಕ್ಕಳಲ್ಲಿ, ಎದೆಬಡಿತ ಕೇಳಿಸುತ್ತಿರುವಾಗಲೇ ಮಿಸುಕಾಟ ನಿಂತಿತ್ತು. ಅಂದರೆ ಯಂತ್ರಕ್ಕಿಂತ ಮೊದಲೇ ತಾಯಿಗೆ ಸೂಚನೆ ಸಿಕ್ಕಿತ್ತು. ಕಾರಣ ಸರಳ. ಮಾಸಿನಿಂದ ಬರುವ ಆಮ್ಲಜನಕ, ಪೋಷಣೆ ಕಡಿಮೆಯಾದರೆ ಮಗುವಿನ ಬೆಳವಣಿಗೆ ನಿಧಾನವಾಗುತ್ತದೆ. ಇದ್ದ ಶಕ್ತಿಯನ್ನು ಹೃದಯಕ್ಕೂ ಮೆದುಳಿಗೂ ಉಳಿಸಿಕೊಳ್ಳೋಕೆ ಅದು ಕೈಕಾಲು ಆಡಿಸೋದನ್ನ ಕಡಿಮೆ ಮಾಡುತ್ತದೆ. ನಮ್ಮ ಫೋನು ಬ್ಯಾಟರಿ ಸೇವರ್‌ಗೆ ಹೋಗುತ್ತಲ್ಲ, ಹಾಗೆ.

1976ರಲ್ಲಿ ಕಾರ್ಡಿಫ್‌ನ ಪಿಯರ್ಸನ್ ಮತ್ತು ವೀವರ್ ಇದನ್ನು ಮತ್ತಷ್ಟು ಮುಂದಕ್ಕೆ ಒಯ್ದರು. ಬೆಳಿಗ್ಗೆ 9ರಿಂದ ರಾತ್ರಿ 9ರವರೆಗೆ ಎಣಿಸಿ, 10 ಒದೆತ ಆಗದಿದ್ದರೆ ಎಚ್ಚರ ಅನ್ನುವ 'ಹತ್ತರ ಲೆಕ್ಕ' ಅಲ್ಲಿಂದ ಬಂತು. ನನ್ನ ಎಕ್ಸೆಲ್ ಶೀಟಿಗೆ ನಾನೇ ಮೊದಲಿಗ ಅಂದ್ಕೊಂಡಿದ್ದೆ!

ಆದರೆ ಲೆಕ್ಕ ಇಟ್ಟರೆ ಮಕ್ಕಳು ಉಳಿಯುತ್ತಾರಾ? 1989ರಲ್ಲಿ ಸುಮಾರು 68,000 ಬಸುರಿಯರ ಮೇಲೆ ನಡೆದ ಅಧ್ಯಯನ 'ಲ್ಯಾನ್ಸೆಟ್‌'ನಲ್ಲಿ ಬಂತು. ದಿನಾ ಎಣಿಸಿದವರಲ್ಲೂ ಎಣಿಸದವರಲ್ಲೂ ಸಾವಿನ ಪ್ರಮಾಣ ಹೆಚ್ಚುಕಮ್ಮಿ ಒಂದೇ. ಅದರೊಳಗಿನ ಒಂದು ವಿವರ ಓದಿ ನನಗೆ ಆ ದಿನ ಕೆಲಸ ಮಾಡೋಕೆ ಆಗಲಿಲ್ಲ. ಕೆಲವು ತಾಯಂದಿರು ಒದೆತ ಕಮ್ಮಿ ಅಂತ ಬಂದು ಹೇಳಿದಾಗ ಮಗು ಇನ್ನೂ ಬದುಕಿತ್ತು. ಪರೀಕ್ಷೆಗಳು 'ಎಲ್ಲ ಸರಿ ಇದೆ' ಅಂದಿದ್ದವು, ಇಲ್ಲವೇ ವೈದ್ಯರ ಅಂದಾಜು ತಪ್ಪಿತ್ತು. ಅವರು ಹೇಳೋದು ಹೇಳಿದ್ದರು.

2018ರಲ್ಲಿ ಬ್ರಿಟನ್ ಮತ್ತು ಐರ್ಲೆಂಡಿನ 4 ಲಕ್ಷಕ್ಕೂ ಹೆಚ್ಚು ಗರ್ಭಿಣಿಯರ ಅಧ್ಯಯನ ಬಂತು. ತಾಯಂದಿರಿಗೆ ತಿಳುವಳಿಕೆ ಕೊಟ್ಟು, ಬಂದವರಿಗೆ ನಿಗದಿತ ಕ್ರಮದಲ್ಲಿ ತಪಾಸಣೆ ಮಾಡಿದರೂ ಹೊಟ್ಟೆಯೊಳಗಿನ ಸಾವು ಗಮನಾರ್ಹವಾಗಿ ಇಳಿಯಲಿಲ್ಲ. ಸಿಸೇರಿಯನ್ ಮಾತ್ರ ಹೆಚ್ಚಾಯಿತು. ಅಂದರೆ ಒದೆತದ ಅಂಕಿ ಸಂಖ್ಯೆ ಮಂತ್ರದಂಡ ಅಲ್ಲ. ಹಾಗಂತ ವೈದ್ಯರು ತಾಯಿಯ ಮಾತನ್ನು ಪಕ್ಕಕ್ಕಿಡಲಿಲ್ಲ. ಈಗ ಬಹಳ ಕಡೆ ಹೇಳೋದು ಇಷ್ಟೇ: ಹತ್ತು, ಹನ್ನೆರಡು ಅಂತ ಎಲ್ಲರಿಗೂ ಒಂದೇ ಲೆಕ್ಕ ಬೇಡ, ನಿಮ್ಮ ಮಗುವಿನ ರೂಢಿ ನಿಮಗೆ ಗೊತ್ತಿರಲಿ. ಅದು ತಪ್ಪಿತು ಅನ್ನಿಸಿದರೆ ಬೆಳಗಾಗಲಿ ಅಂತ ಕಾಯಬೇಡಿ.

ಅಮ್ಮನ ಜಾಗದ ಮಾತು? ಅದು ತಪ್ಪು. ಮಿಸುಕಾಟ ಸುಮಾರು 32 ವಾರದವರೆಗೆ ಹೆಚ್ಚುತ್ತಾ ಹೋಗಿ ಆಮೇಲೆ ಹೆಚ್ಚುಕಮ್ಮಿ ಹಾಗೇ ಉಳಿಯುತ್ತದೆ. ಪಟ್ ಅಂತ ಒದೆಯುವ ಬದಲು ಹೊರಳಾಟ, ತಳ್ಳಾಟ ಜಾಸ್ತಿ ಅನ್ನಿಸಬಹುದು. ಕೊನೇ ದಿನಗಳಲ್ಲಿ ಸುಮ್ಮನಾಗೋದು ಸಹಜ ಅಲ್ಲ. ನನ್ನ ರಿಪೋರ್ಟಿನ ಮಾತು? ಅದು ಬುಧವಾರದ ಸತ್ಯ. ಅವಳು ಹೇಳುತ್ತಿದ್ದದ್ದು ಶನಿವಾರದ್ದು. ಸರ್ವರ್ ಮೂರು ದಿನದ ಹಿಂದೆ ಸರಿ ಇತ್ತು ಅಂತ ಇವತ್ತಿನ ಅಲರ್ಟ್ ಮುಚ್ಚುವವನನ್ನು ನಾನೇ ಟೀಮಿನಲ್ಲಿ ಇಟ್ಟುಕೊಳ್ಳಲ್ಲ.

ಆ ರಾತ್ರಿ ಮಾನಿಟರ್ ಬೆಲ್ಟ್ ಕಟ್ಟಿದ ಇಪ್ಪತ್ತು ನಿಮಿಷಕ್ಕೆ ಮಗು ಬೆಲ್ಟ್ ಅಲುಗಾಡುವ ಹಾಗೆ ಒದೆಯಿತು. ಎಲ್ಲ ಸರಿ ಇತ್ತು. "ಸುಮ್ಮನೆ ತೊಂದರೆ ಕೊಟ್ಟೆವು ಡಾಕ್ಟ್ರೇ" ಅಂದೆ. ಡ್ಯೂಟಿಯಲ್ಲಿದ್ದ ಡಾಕ್ಟರು ನನ್ನ ಕಡೆ ತಿರುಗಲೂ ಇಲ್ಲ. ಅವಳಿಗೆ, "ಬಂದದ್ದು ಒಳ್ಳೇದಾಯ್ತು. ನಾಳೆ ಮತ್ತೆ ಹಾಗನ್ನಿಸಿದರೆ ನಾಳೆಯೂ ಬನ್ನಿ" ಅಂದರು.

ಮಗಳಿಗೆ ಈಗ ಎರಡು ವರ್ಷ. ನಮ್ಮಿಬ್ಬರ ನಡುವೆ ಮಲಗಿ ನಿದ್ದೆಗಣ್ಣಲ್ಲೇ ಒದೆಯುತ್ತಾಳೆ. ಈಗ ಒದೆಸಿಕೊಳ್ಳುವವನು ನಾನು. ಬೆಳಿಗ್ಗೆ ಎದ್ದು ಸೊಂಟ ನೋವು ಅಂದರೆ, "ರಿಪೋರ್ಟ್ ನಾರ್ಮಲ್ ಇದೆಯಲ್ಲ ನಿಮ್ದು" ಅಂತಾಳೆ ಅವಳಮ್ಮ.