ಘಾಂಟಿ ಯಾರು ಸ್ವಾಮಿ?

ಗೋವೆಯ ಸಾಂಗೆ ಪೇಟೆಯಲ್ಲಿ ಹಸಿಮೆಣಸಿನಕಾಯಿ ತೂಗುತ್ತಿದ್ದ ಹೆಂಗಸು ಪಕ್ಕದವಳಿಗೆ ಅಪ್ಪಟ ಗದಗಿನ ಕನ್ನಡದಲ್ಲಿ ಹೇಳುತ್ತಿದ್ದಳು: ‘ಈ ಘಾಂಟಿ ಮಂದಿ ಬಂದು ಊರು ಕೆಡಿಸ್ಯಾರ ನೋಡವಾ.’

ನನ್ನ ಕಿವಿ ನೆಟ್ಟಗಾಯಿತು. ಗೋವೆಯವರು ಘಟ್ಟದ ಮೇಲಿನಿಂದ ಬಂದವರನ್ನು, ಅದರಲ್ಲೂ ಕನ್ನಡದವರನ್ನು, ಮೂಗು ಮುರಿದು ಕರೆಯುವ ಮಾತು ಅದು. ಈಕೆಯ ಮಾವ ಸಾಳಾವಲಿ ಅಣೆಕಟ್ಟು ಕಟ್ಟುವಾಗ ಕಲ್ಲು ಹೊರಲು ಬಂದವನಂತೆ. ಈಕೆ ಬೈಯುತ್ತಿದ್ದುದು ಮೊನ್ನೆ ಮೊನ್ನೆ ಗಾರೆ ಕೆಲಸಕ್ಕೆ ಬಂದ ತನ್ನದೇ ಸೀಮೆಯವರನ್ನು. ಮೊದಲು ಘಟ್ಟ ಇಳಿದವರು ಗೋವೆಯವರು, ಆಮೇಲೆ ಇಳಿದವರು ಘಾಂಟಿಗಳು!

ಈ ಮಾತಿಗೆ ‘ಘಾಟ್’ ಮೂಲವೆಂದು ಎಲ್ಲರೂ ಹೇಳುತ್ತಾರೆ. ಹೇಳಿಕೊಳ್ಳಲಿ. ನಡುವೆ ಆ ಮೂಗಿನ ಸ್ವರ ಎಲ್ಲಿಂದ ಬಂತು? ಕೊಂಕಣಿಯಲ್ಲಿ ‘ಘಾಂಟ’ ಎಂದರೆ ಗಂಟೆ. ಕೊರಳಗಂಟೆ ಅಲುಗಿಸುತ್ತ ಘಟ್ಟ ಇಳಿಯುತ್ತಿದ್ದ ಹೇರೆತ್ತುಗಳ ಹಿಂದೆ ಬಂದವನೇ ಘಾಂಟಿ ಎಂಬುದು ನನ್ನ ವಾದ. ನಿಘಂಟಿನವರು ಒಪ್ಪಲಿಕ್ಕಿಲ್ಲ, ಅವರ ಹೆಸರಿನಲ್ಲೇ ಗಂಟೆ ಕಟ್ಟಿಕೊಂಡಿದ್ದರೂ ಅವರಿಗೆ ಅದು ಕೇಳಿಸದು.

ಎತ್ತುಗಳ ಮಾತು ಬಂದಾಗ ಒಂದು ಗಾದೆಯ ಬಗ್ಗೆ ಹೇಳಲೇಬೇಕು. ‘ಬೆಟ್ಟದ ನೆಲ್ಲಿಕಾಯಿಗೂ ಸಮುದ್ರದ ಉಪ್ಪಿಗೂ ನಂಟು’ ಎನ್ನುತ್ತೇವೆ. ಮದುವೆ ಮನೆಯಲ್ಲಿ ಬೀಗರನ್ನು ನೋಡಿ ತಲೆದೂಗಲು ಇದನ್ನು ಸವೆಸಿಬಿಟ್ಟಿದ್ದೇವೆ. ಋಣಾನುಬಂಧವಂತೆ, ದೈವಸಂಕಲ್ಪವಂತೆ! ಉಪ್ಪು ತಾನಾಗಿ ಬೆಟ್ಟ ಹತ್ತಿತೇ? ಗೋವೆಯ ಆಗರಗಳ ಉಪ್ಪು ಎತ್ತಿನ ಬೆನ್ನೇರಿ ಅನಮೋಡ, ತಿನೈಘಾಟಗಳ ದಾರಿಯಲ್ಲಿ ಮೇಲೆ ಬರುತ್ತಿತ್ತು, ನಮ್ಮ ಅಕ್ಕಿ ಕೆಳಗೆ ಹೋಗುತ್ತಿತ್ತು. ದಾರಿಯಲ್ಲಿ ಸುಂಕದ ಕಟ್ಟೆ ಇತ್ತು, ಹುಲಿ ಇತ್ತು, ಎತ್ತಿನ ಬೆನ್ನಿನ ಹುಣ್ಣಿತ್ತು. ಉಪ್ಪಿನಕಾಯಿಯ ಭರಣಿಯಲ್ಲಿ ನೆಲ್ಲಿಯ ಹೆಸರಿದೆ, ಉಪ್ಪಿನ ಹೆಸರಿದೆ, ಹೊತ್ತವನ ಹೆಸರಿಲ್ಲ. ಅವನಿಗೆ ಸಿಕ್ಕ ಬಿರುದೇ ಘಾಂಟಿ ಎಂದರೆ ನನಗೆ ಸಿಟ್ಟು ಬರುವುದಿಲ್ಲವೇ?

ಇನ್ನು ಸಾಂಗೆಯನ್ನೇ ನೋಡಿ. ಈ ಸೀಮೆ ಹದಿನೆಂಟನೆಯ ಶತಮಾನದವರೆಗೂ ಸೋಂದೆಯ ಅರಸರದು. ಸೋಂದೆ ಇರುವುದು ಶಿರಸಿಯ ಹತ್ತಿರ, ಘಟ್ಟದ ಮೇಲೆ. ಹೈದರಾಲಿ ಸೋಂದೆಯನ್ನು ಹಿಡಿದಾಗ ಅರಸ ಘಟ್ಟ ಇಳಿದು ಪೋರ್ಚುಗೀಸರ ಆಶ್ರಯ ಬೇಡಿ ಫೋಂಡಾದ ಬಾಂದೋಡೆಯಲ್ಲಿ ನೆಲೆಸಿದ. ಕಲ್ಲು ಹೊರಲು ಬಂದವನು ಘಾಂಟಿಯಾದರೆ ಕಿರೀಟ ಹೊತ್ತು ಬಂದವನು ಯಾರು? ಅವನ ವಂಶದವರು ಸೌಂದೇಕರರು, ಮರ್ಯಾದಸ್ಥರು.

ತಮಾಷೆ ಇನ್ನೂ ಇದೆ. ಸಾಂಗೆ ತಾಲೂಕಿನದೇ ವೆರ್ಲೆ, ಸಾಳಗಿಣಿ ಹಳ್ಳಿಗಳು ನೇತ್ರಾವಳಿ ಕಾಡಿನ ಎತ್ತರದಲ್ಲಿವೆ. ಕರ್ನಾಟಕದ ಗಡಿ ಪಕ್ಕದಲ್ಲೇ ಇದೆ. ಅಲ್ಲಿನ ವೇಳಿಪ ಬುಡಕಟ್ಟಿನವರು ಭೂಗೋಳದ ಪ್ರಕಾರ ಘಟ್ಟದ ಮೇಲಿನವರು, ಆದರೂ ಯಾರೂ ಅವರನ್ನು ಘಾಂಟಿ ಅನ್ನರು; ಅವರು ಈ ನೆಲದ ಮೂಲದವರು. ಅತ್ತ ಮುಂಬಯಿಯಲ್ಲಿ ‘ಘಾಟಿ’ ಎಂದು ಕರೆಸಿಕೊಂಡವನು ಸಾತಾರದ ಮರಾಠಿಗ. ಒಂದೇ ಸಹ್ಯಾದ್ರಿ, ಬೈಗುಳದ ವಾರಸುದಾರರು ಮಾತ್ರ ಊರಿಗೊಬ್ಬರು.

ಗೋವೆಯವರಿಗೆ ಮನುಷ್ಯನನ್ನು ಊರಿನಿಂದ ಗುರುತಿಸುವ ಒಳ್ಳೆಯ ರೂಢಿಯೂ ಇದೆ. ಗಾನತಪಸ್ವಿನಿ ಮೊಗುಬಾಯಿ ಕುರ್ಡೀಕರರ ಕುರ್ಡಿ ಇದೇ ತಾಲೂಕಿನದು. ಸಾಳಾವಲಿ ಜಲಾಶಯ ಅದನ್ನು ನುಂಗಿತು. ಬೇಸಿಗೆಯಲ್ಲಿ ನೀರು ಇಳಿದಾಗ ಮಾತ್ರ ಗುಡಿ, ಗೋಡೆಯ ಅಡಿಪಾಯ ಕಾಣುತ್ತವೆ. ಊರಿನವರನ್ನು ವಾಡೆ, ವಾಲ್ಕಿಣಿಗಳಿಗೆ ಸಾಗಿಸಿದರು. ಊರು ನೀರಿನಡಿ ಹೋದರೂ ‘ಕುರ್ಡೀಕರ’ ಎಂಬ ಹೆಸರು ಮುಳುಗಲಿಲ್ಲ.

ನಮ್ಮ ಈಗಿನವರಿಗೆ ಇಷ್ಟು ವ್ಯವಧಾನವೂ ಇಲ್ಲ. ಬೆಂಗಳೂರಿನಲ್ಲಿ ಪೂರ್ವದ ಒಡಿಶಾದವನೂ ‘ನಾರ್ತ್ ಇಂಡಿಯನ್’, ಪಶ್ಚಿಮದ ಗುಜರಾತಿನವನೂ ‘ನಾರ್ತ್ ಇಂಡಿಯನ್’. ಬೀದರಿನವನು ಬಾಯಿ ತೆರೆದರೆ ‘ನೀವು ನಾರ್ತಾ?’ ಎಂಬ ಪ್ರಶ್ನೆ. ದಿಕ್ಸೂಚಿ ಹಿಡಿದು ಜನರನ್ನು ವಿಂಗಡಿಸುವ ಈ ಸೋಮಾರಿತನಕ್ಕಿಂತ ‘ಯಾವೂರು?’ ಎಂಬ ಹಳೆಯ ಪ್ರಶ್ನೆಯೇ ಲೇಸು. ಅದಕ್ಕೆ ರೋಣ, ನರಗುಂದ, ಇಂಡಿ ಎಂಬ ಉತ್ತರ ಸಿಗುತ್ತದೆ, ಮಾತು ಮುಂದುವರಿಯುತ್ತದೆ.

ನಿಮ್ಮೂರಲ್ಲಿ ಘಟ್ಟದ ಆಚೆಯವರಿಗೆ ಏನನ್ನುತ್ತಾರೆ? ಬರೆದು ತಿಳಿಸಿ. ಅವರು ನಿಮ್ಮನ್ನು ಏನೆಂದು ಕರೆಯುತ್ತಾರೆ ಎಂಬುದನ್ನೂ ಮುಚ್ಚಿಡದೆ ಬರೆಯಿರಿ.