ರೆಸರ್ಪಿನ್

ರೆಸರ್ಪಿನ್ ಸರ್ಪಗಂಧ ಗಿಡದ ಬೇರಿನಲ್ಲಿ ದೊರೆಯುವ, ಇಂಡೋಲ್ ವರ್ಗಕ್ಕೆ ಸೇರಿದ ಆಲ್ಕಲಾಯ್ಡ್ (ಸಸ್ಯಕ್ಷಾರ). ಅಧಿಕ ರಕ್ತದೊತ್ತಡವನ್ನು ತಗ್ಗಿಸಲು ಆಧುನಿಕ ವೈದ್ಯದಲ್ಲಿ ಬಳಕೆಗೆ ಬಂದ ಮೊದಲ ಪರಿಣಾಮಕಾರಿ ಔಷಧಗಳಲ್ಲಿ ಇದೂ ಒಂದು. 1950ರ ದಶಕದಲ್ಲಿ ಇದನ್ನು ಸ್ಕಿಜೋಫ್ರೀನಿಯದಂಥ ಮನೋರೋಗಗಳಿಗೂ ಕೊಡಲಾಗುತ್ತಿತ್ತು. ಇಂದು ಚಿಕಿತ್ಸೆಯಲ್ಲಿ ಇದರ ಬಳಕೆ ವಿರಳ. ಆದರೆ ಮಿದುಳಿನ ನರವಾಹಕ ರಾಸಾಯನಿಕಗಳ ಬಗ್ಗೆ ಇಂದಿರುವ ಮೂಲಭೂತ ತಿಳಿವಳಿಕೆಯಲ್ಲಿ ಒಂದು ದೊಡ್ಡ ಪಾಲು ಈ ವಸ್ತುವಿನ ಅಧ್ಯಯನದಿಂದಲೇ ಬಂದಿದೆ.

ಮೂಲ ಮತ್ತು ರಚನೆ

ಸರ್ಪಗಂಧವು (ರಾವೋಲ್ಫಿಯ ಸರ್ಪೆಂಟಿನ) ಕಣಗಿಲೆಯ ಕುಟುಂಬವಾದ ಅಪೋಸೈನೇಸೀಗೆ ಸೇರಿದ ಚಿಕ್ಕ ಗಿಡ. ಪಶ್ಚಿಮ ಘಟ್ಟಗಳೂ ಸೇರಿದಂತೆ ದಕ್ಷಿಣ ಮತ್ತು ಆಗ್ನೇಯ ಏಷ್ಯಾದ ತೇವಭರಿತ ಕಾಡುಗಳಲ್ಲಿ ಬೆಳೆಯುತ್ತದೆ. ಬೇರಿನ ತೊಗಟೆಯಲ್ಲಿ ಆಲ್ಕಲಾಯ್ಡುಗಳ ಪ್ರಮಾಣ ಹೆಚ್ಚು. ರೆಸರ್ಪಿನ್ನಿನ ಜೊತೆಗೆ ಅಜ್ಮಲಿನ್, ಸರ್ಪೆಂಟಿನ್, ರೆಸಿನ್ನಮಿನ್ ಮುಂತಾದ ಹಲವು ಆಲ್ಕಲಾಯ್ಡುಗಳು ಅದರಲ್ಲಿವೆ. ಇವುಗಳಲ್ಲಿ ಅಜ್ಮಲಿನ್ ಹೃದಯದ ಬಡಿತದ ಲಯದ ಮೇಲೆ ಪರಿಣಾಮ ಬೀರುವಂಥದು. ಹೀಗಾಗಿ ಬೇರಿನ ಪುಡಿಯೂ ರೆಸರ್ಪಿನ್ ಮಾತ್ರೆಯೂ ಒಂದೇ ಎಂದು ಭಾವಿಸಲಾಗದು.

ರೆಸರ್ಪಿನ್ನಿನ ಒಂದು ಅಣುವಿನಲ್ಲಿ 33 ಇಂಗಾಲ, 40 ಜಲಜನಕ, 2 ಸಾರಜನಕ ಮತ್ತು 9 ಆಮ್ಲಜನಕದ ಪರಮಾಣುಗಳಿವೆ. ಅಣುತೂಕ ಸುಮಾರು 608.7.

ಇತಿಹಾಸ

ಭಾರತದ ಪಾರಂಪರಿಕ ವೈದ್ಯದಲ್ಲಿ ಸರ್ಪಗಂಧದ ಬೇರನ್ನು ಉನ್ಮಾದ, ನಿದ್ರಾಹೀನತೆ ಮತ್ತು ಹಾವಿನ ಕಡಿತಕ್ಕೆ ಬಳಸುತ್ತಿದ್ದರು. ಮೊದಲೆರಡು ಬಳಕೆಗಳಿಗೆ ಮುಂದೆ ವೈಜ್ಞಾನಿಕ ಆಧಾರ ದೊರೆಯಿತು. ಹಾವಿನ ಕಡಿತದ ವಿಷಯ ಹಾಗಲ್ಲ. ಅದಕ್ಕೆ ಆಸ್ಪತ್ರೆಯಲ್ಲಿ ಕೊಡುವ ಪ್ರತಿವಿಷವೇ ಚಿಕಿತ್ಸೆ.

1931ರಲ್ಲಿ ಗಣನಾಥ ಸೇನ್ ಮತ್ತು ಕಾರ್ತಿಕ ಚಂದ್ರ ಬೋಸ್ ಅವರು ಈ ಬೇರು ರಕ್ತದೊತ್ತಡ ಹಾಗೂ ಮಾನಸಿಕ ಅಸ್ವಸ್ಥತೆಗಳಲ್ಲಿ ಉಪಯುಕ್ತವೆಂದು ಪ್ರಕಟಿಸಿದರು. ಅದೇ ವರ್ಷ ಸಲೀಮುಜ್ಜಮಾನ್ ಸಿದ್ದೀಕಿ ಮತ್ತು ರಫತ್ ಸಿದ್ದೀಕಿ ಅವರು ಬೇರಿನಿಂದ ಹಲವು ಆಲ್ಕಲಾಯ್ಡುಗಳನ್ನು ಬೇರ್ಪಡಿಸಿದ ವಿವರ ಹೊರಬಂದಿತು. ಅಜ್ಮಲಿನ್ ಎಂಬ ಹೆಸರು ಹಕೀಮ್ ಅಜ್ಮಲ್ ಖಾನ್ ಅವರ ಗೌರವಾರ್ಥ ಇಟ್ಟದ್ದು. ಈ ಕೆಲಸಗಳು ಭಾರತದ ಹೊರಗೆ ಗಮನ ಸೆಳೆಯಲು ಹೆಚ್ಚುಕಡಿಮೆ ಎರಡು ದಶಕಗಳೇ ಹಿಡಿದವು. 1949ರಲ್ಲಿ ಮುಂಬಯಿಯ ಹೃದ್ರೋಗತಜ್ಞ ರುಸ್ತುಂ ಜಾಲ್ ವಕೀಲ್ ಅವರು ಬ್ರಿಟಿಷ್ ಹಾರ್ಟ್ ಜರ್ನಲ್‌ನಲ್ಲಿ ತಮ್ಮ ರೋಗಿಗಳ ಮೇಲಿನ ಫಲಿತಾಂಶಗಳನ್ನು ಪ್ರಕಟಿಸಿದ ನಂತರವೇ ಪಾಶ್ಚಾತ್ಯ ವೈದ್ಯಲೋಕ ಇತ್ತ ತಿರುಗಿತು. 1952ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಸಂಸ್ಥೆಯ ಮುಲ್ಲರ್, ಶ್ಲಿಟ್ಲರ್ ಮತ್ತು ಬೈನ್ ರೆಸರ್ಪಿನ್ನನ್ನು ಶುದ್ಧರೂಪದಲ್ಲಿ ಬೇರ್ಪಡಿಸಿದರು. 1956ರಲ್ಲಿ ಆರ್. ಬಿ. ವುಡ್‌ವರ್ಡ್ ಇದರ ಸಂಪೂರ್ಣ ಸಂಶ್ಲೇಷಣೆಯನ್ನು ಸಾಧಿಸಿದರು.

ಕಾರ್ಯವಿಧಾನ

ನರತುದಿಗಳಲ್ಲಿ ನಾರ್‌ಅಡ್ರಿನಲಿನ್, ಡೋಪಮಿನ್ ಮತ್ತು ಸೆರೊಟೋನಿನ್ ಸೂಕ್ಷ್ಮ ಕಿರುಚೀಲಗಳಲ್ಲಿ ಸಂಗ್ರಹವಾಗಿರುತ್ತವೆ. ಅವುಗಳನ್ನು ಚೀಲದೊಳಕ್ಕೆ ತುಂಬುವುದು ಒಂದು ಸಾಗಣೆ ಪ್ರೋಟೀನು. ರೆಸರ್ಪಿನ್ ಈ ಪ್ರೋಟೀನಿಗೆ ಅಂಟಿಕೊಂಡು ಅದನ್ನು ಮರಳಿ ಸರಿಹೋಗದಂತೆ ತಡೆಯುತ್ತದೆ. ಚೀಲದ ಹೊರಗೆ ಉಳಿದ ರಾಸಾಯನಿಕವನ್ನು ಮೊನೊಅಮೀನ್ ಆಕ್ಸಿಡೇಸ್ ಎಂಬ ಕಿಣ್ವ ಒಡೆದುಹಾಕುವುದರಿಂದ ದಾಸ್ತಾನು ಕ್ರಮೇಣ ಬರಿದಾಗುತ್ತದೆ. ರಕ್ತನಾಳ ಹಾಗೂ ಹೃದಯಕ್ಕೆ ಹೋಗುವ ಅನುವೇದಕ ನರಗಳ ಪ್ರಭಾವ ಕುಗ್ಗಿ, ನಾಳಗಳು ಸಡಿಲಗೊಂಡು, ನಾಡಿಯ ವೇಗವೂ ರಕ್ತದೊತ್ತಡವೂ ಇಳಿಯುತ್ತವೆ. ಪೂರ್ಣ ಪರಿಣಾಮ ಕಾಣಲು ಎರಡು ಮೂರು ವಾರಗಳು ಬೇಕು. ಹೊಸ ಕಿರುಚೀಲಗಳು ತಯಾರಾಗುವವರೆಗೂ ನರಗಳು ಚೇತರಿಸಿಕೊಳ್ಳದ ಕಾರಣ, ಔಷಧ ನಿಲ್ಲಿಸಿದ ಮೇಲೂ ಪರಿಣಾಮ ಕೆಲಕಾಲ ಮುಂದುವರಿಯುತ್ತದೆ.

1957ರಲ್ಲಿ ಸ್ವೀಡನ್ನಿನ ಅರ್ವಿಡ್ ಕಾರ್ಲ್‌ಸನ್ ಮತ್ತು ಸಂಗಡಿಗರು ರೆಸರ್ಪಿನ್ ಕೊಟ್ಟು ನಿಶ್ಚಲಗೊಂಡಿದ್ದ ಪ್ರಾಣಿಗಳಿಗೆ ಡೋಪಮಿನ್ನಿನ ಪೂರ್ವವಸ್ತುವಾದ ಡೋಪಾವನ್ನು ಚುಚ್ಚಿದಾಗ ಅವು ಮತ್ತೆ ಚಲಿಸತೊಡಗಿದವು. ಪಾರ್ಕಿನ್‌ಸನ್ ಕಾಯಿಲೆಗೆ ಲೆವೊಡೋಪ ಚಿಕಿತ್ಸೆ ರೂಪುಗೊಂಡದ್ದು ಈ ಜಾಡಿನಲ್ಲೇ. ಕಾರ್ಲ್‌ಸನ್ ಅವರಿಗೆ 2000ದಲ್ಲಿ ನೊಬೆಲ್ ಪ್ರಶಸ್ತಿ ಸಂದಿತು.

ವೈದ್ಯಕೀಯ ಉಪಯೋಗ

ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ ನಡೆದು 1967ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ತೀವ್ರ ರಕ್ತದೊತ್ತಡವಿದ್ದ 143 ಪುರುಷರನ್ನು ಎರಡು ಗುಂಪು ಮಾಡಿ, ಒಂದಕ್ಕೆ ರೆಸರ್ಪಿನ್, ಹೈಡ್ರೊಕ್ಲೋರೊಥಯಜೈಡ್ ಮತ್ತು ಹೈಡ್ರಲಜಿನ್, ಇನ್ನೊಂದಕ್ಕೆ ಹುಸಿಮಾತ್ರೆ ನೀಡಲಾಯಿತು. ಔಷಧ ಪಡೆದವರಲ್ಲಿ ಗಂಭೀರ ತೊಡಕುಗಳು ಬಹಳ ಕಡಿಮೆಯಾದವು. ರಕ್ತದೊತ್ತಡಕ್ಕೆ ಚಿಕಿತ್ಸೆ ಕೊಡುವುದೇ ಸರಿಯೇ ಎಂಬ ಅಂದಿನ ಸಂದೇಹವನ್ನು ನೀಗಿಸುವಲ್ಲಿ ಈ ಪ್ರಯೋಗದ ಪಾತ್ರ ದೊಡ್ಡದು. ಈಗ ಕೊಡುವುದಾದರೆ ದಿನಕ್ಕೆ 0.1ರಿಂದ 0.25 ಮಿಲಿಗ್ರಾಂ, ಸಾಮಾನ್ಯವಾಗಿ ಮೂತ್ರವರ್ಧಕದ ಜೊತೆಗೆ. ಮನೋರೋಗ ಚಿಕಿತ್ಸೆಯಲ್ಲಿ ಇದರ ಜಾಗವನ್ನು ಕ್ಲೋರ್‌ಪ್ರೊಮಜಿನ್ ಮತ್ತಿತರ ಔಷಧಗಳು ಆಕ್ರಮಿಸಿದವು.

ಅಡ್ಡಪರಿಣಾಮಗಳು

ಮೂಗು ಕಟ್ಟುವುದು, ಮಂಪರು, ಭೇದಿ, ಜಠರಾಮ್ಲದ ಹೆಚ್ಚಳ, ನಾಡಿಯ ನಿಧಾನಗತಿ ಸಾಮಾನ್ಯ. ಹೆಚ್ಚಿನ ಪ್ರಮಾಣದಲ್ಲಿ ಪಾರ್ಕಿನ್‌ಸನ್ ತೆರನಾದ ನಡುಕ, ಬಿಗಿತ ಕಾಣಿಸಬಹುದು.

ಹೆಚ್ಚು ಚರ್ಚೆಗೊಳಗಾದುದು ಖಿನ್ನತೆ. 1950ರ ದಶಕದಲ್ಲಿ, ಇಂದಿನದಕ್ಕಿಂತ ಹೆಚ್ಚಿನ ಪ್ರಮಾಣದಲ್ಲಿ ಔಷಧ ಪಡೆದ ಕೆಲವರು ತೀವ್ರ ಖಿನ್ನತೆಗೆ ಒಳಗಾದರೆಂದು ವರದಿಯಾಯಿತು. ಖಿನ್ನತೆಗೆ ಮೊನೊಅಮೀನ್ ಕೊರತೆಯೇ ಕಾರಣವೆಂಬ ವಾದಕ್ಕೆ ಇದು ಇಂಬು ನೀಡಿತು. ಆದರೆ 1955ರಲ್ಲೇ ಲಂಡನ್ನಿನ ಡೇವಿಸ್ ಮತ್ತು ಶೆಫರ್ಡ್ ನಡೆಸಿದ ಪ್ರಯೋಗದಲ್ಲಿ ಆತಂಕ, ಖಿನ್ನತೆಯಿದ್ದವರಿಗೆ ರೆಸರ್ಪಿನ್ನಿನಿಂದ ಉಪಶಮನ ಕಂಡಿತ್ತು. ಈ ಫಲಿತಾಂಶಕ್ಕೆ ಸಲ್ಲಬೇಕಾದ ಗಮನ ಸಂದಿಲ್ಲ. ಹಾಗಿದ್ದರೂ ಖಿನ್ನತೆ ಇರುವವರಿಗೆ ಅಥವಾ ಹಿಂದೆ ಇದ್ದವರಿಗೆ, ಜಠರದ ಹುಣ್ಣು ಇರುವವರಿಗೆ, ಮೊನೊಅಮೀನ್ ಆಕ್ಸಿಡೇಸ್ ತಡೆಯುವ ಔಷಧ ಸೇವಿಸುತ್ತಿರುವವರಿಗೆ ಇದನ್ನು ಕೊಡುವುದಿಲ್ಲ. ಬೇರಿನ ಪುಡಿಯನ್ನು ತಾವಾಗಿಯೇ ಸೇವಿಸುವವರಿಗೂ ಇದೇ ಅಪಾಯಗಳಿವೆ. ಪುಡಿಯಲ್ಲಿ ಆಲ್ಕಲಾಯ್ಡಿನ ಪ್ರಮಾಣ ಗಿಡದಿಂದ ಗಿಡಕ್ಕೆ ಬದಲಾಗುವುದು ಅಪಾಯವನ್ನು ಇನ್ನಷ್ಟು ಹೆಚ್ಚಿಸುತ್ತದೆ.

ಸಂರಕ್ಷಣೆ

ಔಷಧ ಇರುವುದು ಬೇರಿನಲ್ಲಾದ್ದರಿಂದ ಕೊಯ್ಲೆಂದರೆ ಗಿಡವನ್ನೇ ಕೀಳುವುದು. ಅತಿಯಾದ ಸಂಗ್ರಹಣೆಯಿಂದ ಕಾಡಿನ ಸರ್ಪಗಂಧ ಕ್ಷೀಣಿಸಿದ್ದು, 1990ರಿಂದ ಇದರ ಅಂತರರಾಷ್ಟ್ರೀಯ ವ್ಯಾಪಾರ ಸೈಟಿಸ್ ಒಪ್ಪಂದದ ಎರಡನೆಯ ಅನುಬಂಧದಡಿ ನಿಯಂತ್ರಿತವಾಗಿದೆ. ಆಫ್ರಿಕಾದ ರಾವೋಲ್ಫಿಯ ವೊಮಿಟೋರಿಯ ಎಂಬ ಪ್ರಭೇದದ ಬೇರಿನಿಂದಲೂ ರೆಸರ್ಪಿನ್ ತೆಗೆಯಲಾಗುತ್ತದೆ.