ಗರ್ಭರಕ್ಷಣೆಗೆ ಹಾರ್ಮೋನು: ಒಂದು ಚಿಕಿತ್ಸೆಯ ಚರಿತ್ರೆ

ಗರ್ಭವು ಅಕಾಲದಲ್ಲಿ ನಷ್ಟವಾಗದಂತೆ ಕಾಯಬೇಕೆಂಬ ಹಂಬಲವು ಬಹು ಪ್ರಾಚೀನವಾದುದು. ನಾಲ್ಕನೆಯ ತಿಂಗಳವರೆಗಿನ ನಷ್ಟವನ್ನು ಗರ್ಭಸ್ರಾವವೆಂದೂ, ಐದು-ಆರನೆಯ ತಿಂಗಳುಗಳ ನಷ್ಟವನ್ನು ಗರ್ಭಪಾತವೆಂದೂ ಸುಶ್ರುತಸಂಹಿತೆಯು ವಿಂಗಡಿಸಿದೆ. ಮಡಂತ್ಯಾರು ಮೊದಲಾದ ತುಳುನಾಡಿನ ಊರುಗಳಲ್ಲಿ ಬಯಕೆಯ ಶಾಸ್ತ್ರವು ನಡೆಯುವುದು ಗರ್ಭವು ಬಲಿತ ಮೇಲೆ. ಅದಕ್ಕೆ ಮೊದಲೇ ಒದಗುವ ನಷ್ಟಕ್ಕೆ ಶಾಸ್ತ್ರವೂ ಇಲ್ಲ, ಸಾಂತ್ವನವೂ ವಿರಳ. ಈ ನಷ್ಟಕ್ಕೆ ಹಾರ್ಮೋನಿನಲ್ಲಿ ಪರಿಹಾರವನ್ನು ಅರಸಿದ ಪ್ರಯತ್ನವನ್ನು ನಾವು ಇಲ್ಲಿ ಪರಿಶೀಲಿಸುತ್ತೇವೆ.

ಅಂಡಾಶಯದ ಪೀತಪಿಂಡವನ್ನು ನಾಶಪಡಿಸಿದರೆ ಮೊಲದ ಗರ್ಭವು ನಿಲ್ಲದೆಂಬುದನ್ನು ಜರ್ಮನಿಯ ಲುಡ್ವಿಗ್ ಫ್ರೆಂಕೆಲ್ 1903ರಲ್ಲಿ ಪ್ರಕಟಿಸಿದನು. ಪೀತಪಿಂಡದ ಸಾರದಿಂದಲೇ ಆ ಗರ್ಭವನ್ನು ಉಳಿಸಬಹುದೆಂದು ಅಮೆರಿಕದ ಕಾರ್ನರ್ ಮತ್ತು ಆಲೆನ್ 1929-30ರಲ್ಲಿ ತೋರಿಸಿದರು. 1934ರಲ್ಲಿ ಪ್ರೊಜೆಸ್ಟರೋನ್ ಶುದ್ಧರೂಪದಲ್ಲಿ ದೊರೆಯಿತು. ಕೊರತೆಯಿದ್ದಲ್ಲಿ ಪೂರೈಸಿದರೆ ಗರ್ಭವು ಉಳಿದೀತೆಂಬ ತರ್ಕವು ಸಹಜವಾಗಿಯೇ ಹುಟ್ಟಿತು.

ಆದರೆ ಆ ಕಾಲದಲ್ಲಿ ಹೆಚ್ಚು ಪ್ರಚಾರವಾದುದು ಬೇರೊಂದು ಔಷಧ. ಡಾಡ್ಸ್ ಮೊದಲಾದವರು 1938ರಲ್ಲಿ ತಯಾರಿಸಿದ ಕೃತಕ ಈಸ್ಟ್ರೋಜೆನ್ ಆದ ಸ್ಟಿಲ್ಬೆಸ್ಟ್ರಾಲನ್ನು ಬಾಸ್ಟನ್ನಿನ ಸ್ಮಿತ್ ದಂಪತಿಗಳು ಗರ್ಭಿಣಿಯರಿಗೆ ವಿಧಿಸಿ, 1948ರಲ್ಲಿ ಸತ್ಫಲವನ್ನು ವರದಿ ಮಾಡಿದರು. ಔಷಧವಿಲ್ಲದವರೊಡನೆ ಸರಿಯಾದ ಹೋಲಿಕೆ ಅಲ್ಲಿರಲಿಲ್ಲ. 1953ರಲ್ಲಿ ಶಿಕಾಗೋದ ಡೀಕ್‌ಮನ್ ಮತ್ತು ಸಂಗಡಿಗರು ಸುಮಾರು 1,600 ಸ್ತ್ರೀಯರಲ್ಲಿ ಅಂಥ ಹೋಲಿಕೆಯನ್ನು ನಡೆಸಿ, ಪ್ರಯೋಜನವಿಲ್ಲವೆಂದು ಕಂಡರು. ಆದರೂ ಬಳಕೆ ನಿಲ್ಲಲಿಲ್ಲ. ಯುವತಿಯರಲ್ಲಿ ಅತಿ ವಿರಳವಾದ ಯೋನಿಯ ಕ್ಯಾನ್ಸರ್ ಪೀಡಿತರ ಪೈಕಿ ಎಂಟು ಮಂದಿಯನ್ನು 1971ರಲ್ಲಿ ಹರ್ಬ್‌ಸ್ಟ್ ಮತ್ತು ಸಂಗಡಿಗರು ಪರಿಶೀಲಿಸಿದಾಗ, ಏಳು ಮಂದಿಯ ತಾಯಂದಿರು ಗರ್ಭಕಾಲದಲ್ಲಿ ಆ ಔಷಧವನ್ನು ಸೇವಿಸಿದ್ದರೆಂಬುದು ತಿಳಿದುಬಂದಿತು. ಗರ್ಭಿಣಿಯರಿಗೆ ಅದು ಸಲ್ಲದೆಂದು ಅಮೆರಿಕದ ಸರಕಾರವು ಆ ವರ್ಷವೇ ಎಚ್ಚರಿಸಿತು. ಭಾರತದಲ್ಲಿಯೂ, ಗರ್ಭಪರೀಕ್ಷೆಗೆಂದು ಮಾರಾಟವಾಗುತ್ತಿದ್ದ ಈಸ್ಟ್ರೋಜೆನ್-ಪ್ರೊಜೆಸ್ಟಿನ್‌ಗಳ ಅಧಿಕ ಪ್ರಮಾಣದ ಮಿಶ್ರಣವು ದೀರ್ಘ ವಿವಾದದ ಬಳಿಕ 1988ರಲ್ಲಿ ನಿಷಿದ್ಧವಾಯಿತು.

ಪ್ರೊಜೆಸ್ಟರೋನಿನ ಗತಿ ಬೇರೆ. ಕಾರಣವರಿಯದ ಪುನಃಪುನಃ ಗರ್ಭಸ್ರಾವಕ್ಕೆ ಒಳಗಾದ 836 ಸ್ತ್ರೀಯರ ಮೇಲಣ 2015ರ ಪರೀಕ್ಷೆಯು ಗಣನೀಯ ಲಾಭವನ್ನು ಕಾಣಲಿಲ್ಲ. ಗರ್ಭದ ಆದಿಯಲ್ಲಿ ರಕ್ತಸ್ರಾವವಿದ್ದ 4,153 ಸ್ತ್ರೀಯರ ಮೇಲಣ 2019ರ ಬ್ರಿಟಿಷ್ ಪರೀಕ್ಷೆಯಲ್ಲಿ, ಒಟ್ಟಾರೆ ಸಜೀವ ಜನನವು ಔಷಧ ಪಡೆದವರಲ್ಲಿ ಶೇಕಡಾ 75, ಪಡೆಯದವರಲ್ಲಿ 72. ಈ ವ್ಯತ್ಯಾಸವು ನಿರ್ಣಾಯಕವಲ್ಲ. ಆದರೆ ಹಿಂದೆ ಮೂರು ಅಥವಾ ಹೆಚ್ಚು ಗರ್ಭಸ್ರಾವಗಳಾಗಿದ್ದವರಲ್ಲಿ ಇದು 72 ಮತ್ತು 57 ಆಗಿದ್ದಿತು. 2021ರಲ್ಲಿ ಬ್ರಿಟನ್ನಿನ ಮಾರ್ಗಸೂಚಿಯು, ರಕ್ತಸ್ರಾವದೊಡನೆ ಪೂರ್ವದಲ್ಲಿ ಗರ್ಭಸ್ರಾವವೂ ಆಗಿದ್ದವರಿಗೆ ಮಾತ್ರ ಇದನ್ನು ಸೂಚಿಸಿತು.

ಆದಿಯ ಗರ್ಭಸ್ರಾವಗಳಲ್ಲಿ ಸುಮಾರು ಅರ್ಧದಷ್ಟು ಭ್ರೂಣದ ವರ್ಣತಂತುಗಳ ದೋಷದಿಂದ ಆಗುವಂಥವು. ಅವುಗಳನ್ನು ಯಾವ ಹಾರ್ಮೋನೂ ತಡೆಯಲಾರದು. ಆದುದರಿಂದ ಔಷಧದ ಫಲವು ಯಾರಿಗೆ ಎಂಬುದನ್ನು ಅಳೆದು ನೋಡದೆ ಎಲ್ಲರಿಗೂ ಕೊಡುವುದು ತರವಲ್ಲ. ಗರ್ಭ ಉಳಿಯದ ತಾಯಿಯನ್ನು ದೂಷಿಸುವುದಂತೂ ಸರ್ವಥಾ ಅನ್ಯಾಯ. ಕನಿಕರದಿಂದ ಹೊರಟ ಚಿಕಿತ್ಸೆಯೂ ಪ್ರಮಾಣವನ್ನು ಬಿಟ್ಟಾಗ ಮುಂದಿನ ಪೀಳಿಗೆಗೆ ಕೇಡನ್ನು ತಂದೀತೆಂಬುದೇ ಈ ಚರಿತ್ರೆಯ ಪಾಠ.